ಐಸ್ ಫ್ಯಾಕ್ಟರಿಗೆ ಹಾರಿದ ಹಿಂಡು

ಏಪ್ರಿಲ್ ೧, ಮಂಗಳವಾರ

ಎಂಜಿನಿಯರರ ವರದಿ ಬಂತು. ನಮ್ಮ ಡಯಾಲಿಸಿಸ್ ಘಟಕವಿರುವ ಹಳೆಯ ಕಟ್ಟಡದ ತೊಲೆಗಳು ಬಿರುಕು ಬಿಟ್ಟಿವೆ. ತಿಂಗಳ ಕೊನೆಯೊಳಗೆ ಖಾಲಿ ಮಾಡದಿದ್ದರೆ ನಗರಸಭೆ ಬೀಗ ಜಡಿಯುತ್ತದೆ. ಏಪ್ರಿಲ್ ಒಂದನೆಯ ತಾರೀಖಿನ ತಮಾಷೆಯೇ ಎಂದು ಡಾಕ್ಟರು ನಕ್ಕರು. ನಾನು ನಗಲಿಲ್ಲ. ವರದಿಯ ಕೆಳಗೆ ಮೊಹರಿತ್ತು. ಮೊಹರು ತಮಾಷೆ ಮಾಡುವುದಿಲ್ಲ.

ಎಂಟು ಯಂತ್ರಗಳು. ಅವನ್ನೇ ನಂಬಿ ವಾರಕ್ಕೆ ಎರಡು ಮೂರು ಸಲ ಬಂದು ಮಲಗುವ ಜನ ನಲವತ್ತಕ್ಕೂ ಹೆಚ್ಚು. ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಈ ಯಂತ್ರಗಳು ತೊಳೆದು ಮರಳಿಸುತ್ತವೆ. ಸರದಿ ತಪ್ಪಿದರೆ ಮೈ ಊದುತ್ತದೆ, ಉಸಿರು ಕಟ್ಟುತ್ತದೆ. ನಾವು ಮುಚ್ಚಿದರೆ ಮುಂದಿನ ಘಟಕಕ್ಕೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಹೋಗಬಲ್ಲವರು ಹೋಗುತ್ತಾರೆ. ಉಳಿದವರ ವಿಷಯವನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಕಿಟಕಿಯ ಪಕ್ಕದ ಹಾಸಿಗೆಯ ವೃದ್ಧ ದರ್ಜಿ ಮಾತ್ರ ನನ್ನನ್ನು ಕರೆದು, "ಸಾರ್, ನಮ್ಮನ್ನ ಎಲ್ಲಿಗೆ ಸಾಗಿಸ್ತೀರಿ? ಅಳತೆ ಮೊದಲೇ ತಗೊಳ್ಳಿ, ಆಮೇಲೆ ಬಟ್ಟೆ ಸಾಲದೆ ಬಂದೀತು" ಎಂದ.

ಆಡಳಿತಾಧಿಕಾರಿಯಾದ್ದರಿಂದ ಹೊಸ ಜಾಗ ಹುಡುಕುವ ಸಮಿತಿಗೆ ನಾನೇ ಅಧ್ಯಕ್ಷ. ಸಮಿತಿಯೆಂದರೆ ಚರ್ಚೆ; ಚರ್ಚೆಯೆಂದರೆ ನನ್ನ ಅಂಗಳ. ಕಾಲೇಜು ದಿನಗಳಲ್ಲಿ ಯಾವ ಚರ್ಚಾಸ್ಪರ್ಧೆಯಿಂದಲೂ ಬರಿಗೈಯಲ್ಲಿ ಮರಳಿದವನಲ್ಲ ನಾನು. ವಾರದೊಳಗೆ ಇತ್ಯರ್ಥಪಡಿಸುತ್ತೇನೆ.

ಮಗಳು ತೀರಿಹೋಗಿ ಇಂದಿಗೆ ಒಂಬತ್ತು ತಿಂಗಳು. ನಾನು ಮನೆಗೆ ಬಂದಾಗ ನನ್ನ ಹೆಂಡತಿ ಅಡುಗೆಮನೆಯಲ್ಲಿ ಏನನ್ನೋ ಗುನುಗುತ್ತಿದ್ದಳು. ನನ್ನ ಹೆಜ್ಜೆ ಕೇಳಿ ನಿಲ್ಲಿಸಿದಳು. ನಿಲ್ಲಿಸಿದ್ದು ಸರಿ.

ಏಪ್ರಿಲ್ ೬, ಭಾನುವಾರ

ಮಗಳ ಗಂಡ ಎಂದಿನಂತೆ ಬಂದ. ಭಾನುವಾರ ಬರುವುದನ್ನು ಆತ ಬಿಟ್ಟಿಲ್ಲ. ಬರಬೇಡವೆಂದು ನಾನೂ ಹೇಳಿಲ್ಲ, ಬಾ ಎಂದೂ ಹೇಳಿಲ್ಲ. ಗಂಡಹೆಂಡಿರಿಬ್ಬರೂ ಜೇನಿನ ಸಂಶೋಧಕರಾಗಿದ್ದರು. ಒಂದು ಜ್ವರ, ಒಂದು ವಾರ. ಈಗ ಆತನೊಬ್ಬನೇ ಜೇನುಪೆಟ್ಟಿಗೆಗಳ ನಡುವೆ ಓಡಾಡಿಕೊಂಡಿದ್ದಾನೆ.

ಜಗಲಿಯಲ್ಲಿ ಕೂತು ಅತ್ತೆ ಅಳಿಯ ಇಬ್ಬರೂ ನಗುತ್ತಿದ್ದರು. ಮಗಳು ಚಿಕ್ಕವಳಿದ್ದಾಗಿನ ಯಾವುದೋ ಪ್ರಸಂಗ. ಒಳಗೆ ಪತ್ರಿಕೆ ಓದುತ್ತಿದ್ದ ನನಗೆ ಅಕ್ಷರಗಳು ಕಾಣದಾದವು. ಇಷ್ಟು ಬೇಗ ನಗು ಹೇಗೆ ಬರುತ್ತದೆ? ದುಃಖವೂ ಒಂದು ನಿಲುವು. ಅದನ್ನು ಕೊನೆಯವರೆಗೆ ಸಮರ್ಥಿಸಿಕೊಳ್ಳಬೇಕು.

ಕಪಾಟಿನ ಹಿತ್ತಾಳೆ ಗಂಟೆಗೆ ಧೂಳು ಹಿಡಿದಿದೆ ಎಂದು ಇವಳು ಒರೆಸಲು ಹೋದಳು. ತಡೆದೆ. ಅದು ನಾನು ಗೆದ್ದ ಕೊನೆಯ ಸ್ಪರ್ಧೆಯ ಬಹುಮಾನ. ವೇದಿಕೆಯ ಮೇಲೆ ಸಮಯ ಮುಗಿದದ್ದನ್ನು ಸಾರುವ ಮೇಜುಗಂಟೆ. ಊಟದ ಮೇಜಿನಲ್ಲಿ ನನ್ನ ಮಾತು ಉದ್ದವಾದಾಗಲೆಲ್ಲ ಮಗಳು ಅದನ್ನು ಟಿಣ್ ಎನಿಸಿ, "ಟೈಮ್ ಮುಗೀತು, ಮೈಕಾಸುರ!" ಎಂದು ಕೂಗುತ್ತಿದ್ದಳು. ಮದುವೆಯಾದ ಮೇಲೂ ಬಿಡಲಿಲ್ಲ. ಅದನ್ನು ಕೊನೆಯದಾಗಿ ಮುಟ್ಟಿದ್ದು ಅವಳ ಕೈ. ಹಾಗೆಯೇ ಇರಲಿ.

ಏಪ್ರಿಲ್ ೭, ಸೋಮವಾರ

ವಿಜಯ. ಸವಿಸ್ತಾರವಾಗಿ ಬರೆದಿಡಬೇಕಾದ ವಿಜಯ.

ಸಭೆಯಲ್ಲಿ ಡಾಕ್ಟರು, ಹಿರಿಯ ಸಿಸ್ಟರ್, ಯಂತ್ರಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್, ಆಂಬ್ಯುಲೆನ್ಸ್ ಚಾಲಕ ಮತ್ತು ಆಹಾರತಜ್ಞೆ ಇದ್ದರು. ಚಾಲಕನನ್ನು ಎಲ್ಲರೂ 'ರಾಕೆಟ್' ಎನ್ನುತ್ತಾರೆ, ಏಕೆಂದರೆ ಆತನ ಗಾಡಿಯನ್ನು ಸೈಕಲ್ಲುಗಳು ಹಿಂದೆ ಹಾಕುತ್ತವೆ. ಆಹಾರತಜ್ಞೆಗೆ ರೋಗಿಗಳಿಟ್ಟ ಹೆಸರು 'ಉಪ್ಪು ಕಮ್ಮಿ ಮೇಡಂ'. ಬೇರೆ ಮಾತನ್ನು ಆಕೆಯ ಬಾಯಿಂದ ಅವರು ಕೇಳಿಲ್ಲವಂತೆ.

ಡಾಕ್ಟರು ಮುಚ್ಚಿಹೋದ ಸಿನಿಮಾ ಮಂದಿರವನ್ನು ಸೂಚಿಸಿದರು. ನಾನು ಮುಖ್ಯರಸ್ತೆಯ ಖಾಲಿ ಬ್ಯಾಂಕ್ ಕಟ್ಟಡವನ್ನು ಮಂಡಿಸಿದೆ: ನೆಲಮಹಡಿ, ಅಮೃತಶಿಲೆಯ ನೆಲ, ಔಷಧಗಳನ್ನಿಡಲು ಉಕ್ಕಿನ ಬಾಗಿಲಿನ ಭದ್ರಕೋಣೆ, ನಗರದ ನಡುಮಧ್ಯದ ಸ್ಥಾನ. ಸಿನಿಮಾ ಮಂದಿರದ ನೆಲ ಇಳಿಜಾರೆಂಬುದನ್ನು ನೆನಪಿಸಿ, "ಹಾಸಿಗೆಗಳು ಮೊದಲ ಸಾಲಿನತ್ತ ಜಾರುತ್ತ ಹೋದರೆ ಟಿಕೆಟ್ಟಿನ ದರ ಬದಲಾಗುತ್ತದೆಯೇ ಡಾಕ್ಟರೇ?" ಎಂದು ಕೇಳಿದೆ. ಡಾಕ್ಟರು ಕೈಚೆಲ್ಲಿದರು.

ಕೊನೆಗೆ ಉಪ್ಪು ಕಮ್ಮಿ ಎದ್ದರು. "ಸಾರ್, ನಮ್ಮನೆ ಹಿಂದೆ ಒಂದು ಐಸ್ ಫ್ಯಾಕ್ಟರಿ ಇದೆ... ಮುಚ್ಚಿದೆ... ಬಾಗಿಲು ಮಾತ್ರ ತುಂಬಾ ದೊಡ್ಡದು..." ವಿಸ್ತೀರ್ಣವೆಷ್ಟು? ಗೊತ್ತಿಲ್ಲ. ಮಾಲೀಕರಾರು? ಗೊತ್ತಿಲ್ಲ. "ರಕ್ತವನ್ನು ಶುದ್ಧಿಮಾಡುವುದು ನಮ್ಮ ಕೆಲಸವೋ, ಹೆಪ್ಪುಗಟ್ಟಿಸುವುದೋ?" ಎಂದೆ. ಸಭೆ ಗೊಳ್ಳೆಂದಿತು. ಆಕೆ ಕೂತರು.

ಎಲ್ಲ ಕೈಗಳೂ ಬ್ಯಾಂಕಿನ ಪರವಾಗಿ ಎದ್ದವು. ಗುರುವಾರ ಕರಾರಿಗೆ ಸಹಿ.

ಏಪ್ರಿಲ್ ೮, ಮಂಗಳವಾರ

ಆಸ್ಪತ್ರೆಯ ಮುಂಬಾಗಿಲ ಮರಕ್ಕೆ ಎಲ್ಲಿಂದಲೋ ಒಂದು ಜೇನುಹಿಂಡು ಬಂದು ಜೋತುಬಿದ್ದಿದೆ, ನೆನೆದ ಕಂಬಳಿಯನ್ನು ಕೊಂಬೆಗೆ ಹಾಕಿದಂತೆ. ಕಾವಲುಗಾರ ಬೆಂಕಿ ಹಚ್ಚುವೆನೆಂದು ಪಂಜು ಹಿಡಿದು ನಿಂತಿದ್ದ. ಸಿಸ್ಟರ್ ನನ್ನನ್ನು ಕೇಳದೆ ನಮ್ಮ ಮನೆಗೆ ಫೋನು ಮಾಡಿದ್ದಾರೆ. ಇವಳು ಮಗಳ ಗಂಡನಿಗೆ ಮಾಡಿದ್ದಾಳೆ. ನಾಳೆ ಬರುತ್ತಾನಂತೆ. ಎಲ್ಲರೂ ಅವರವರೇ ತೀರ್ಮಾನಿಸುವುದಾದರೆ ಆಡಳಿತಾಧಿಕಾರಿಯ ಅಗತ್ಯವೇನು?

ಏಪ್ರಿಲ್ ೯, ಬುಧವಾರ

ಆತ ಮರದ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದ. ಮಗಳ ಬಲೆಟೋಪಿ ತೊಟ್ಟಿದ್ದ. ಅದರ ಅಂಚಿಗೆ ಅವಳು ಹಾಕಿದ ನೀಲಿದಾರದ ಹೊಲಿಗೆ ನನಗೆ ಗೊತ್ತು. ತೆಳುಕುಂಚದಿಂದ ಕೆಲವು ಹುಳುಗಳ ಬೆನ್ನಿಗೆ ಬಣ್ಣದ ಚುಕ್ಕೆ ಇಡುತ್ತಿದ್ದ.

"ಇದನ್ನು ಪೆಟ್ಟಿಗೆಗೆ ತುಂಬಿ ಒಯ್ಯಲು ಏನು ಅಡ್ಡಿ?" ಎಂದೆ.

"ಒಯ್ಬೋದು ಮಾವ. ಆದ್ರೆ ಮೀಟಿಂಗ್ ನಡೀತಾ ಇದೆ. ಮುಗೀಲಿ ಅಂತ."

"ಯಾವ ವಿಷಯವಾಗಿ?"

"ನಿಮ್ಮದೇ ವಿಷಯ. ಹಳೇ ಮನೆ ಬಿಟ್ಟು ಬಂದಿವೆ, ಹೊಸದು ಸಿಕ್ಕಿಲ್ಲ. ಹೊಟ್ಟೇಲಿ ತುಂಬ್ಕೊಂಡು ಬಂದ ಜೇನು ಮುಗಿಯೋದ್ರೊಳಗೆ ಸಿಗ್ಬೇಕು."

"ಅಧ್ಯಕ್ಷತೆ ರಾಣಿಯದೋ?"

"ರಾಣಿ ಒಳಗೆ ಸುಮ್ನೆ ಕೂತಿದಾಳೆ. ಅವಳನ್ನ ಯಾರೂ ಕೇಳಲ್ಲ."

"ಹಾಗಾದರೆ ಅದು ಸಭೆಯಲ್ಲ, ಸಂತೆ."

"ಐದು ನಿಮಿಷ ನಿಂತು ನೋಡಿ ಮಾವ."

ನಿಂತೆ. ಐದು ನಿಮಿಷವಲ್ಲ. ಹಿಂಡಿನ ಬಹುಪಾಲು ಅಲುಗದೆ ತೂಗಿಕೊಂಡಿತ್ತು. ಕೆಲವು ವಯಸ್ಸಾದ ಹುಳುಗಳು ಮಾತ್ರ ದಿಕ್ಕುದಿಕ್ಕಿಗೆ ಹಾರಿ, ಪೊಟರೆಗಳನ್ನೂ ಗೋಡೆಯ ಬಿರುಕುಗಳನ್ನೂ ಪರೀಕ್ಷಿಸಿ ಬರುತ್ತಿದ್ದವು. ಬಂದದ್ದು ಹಿಂಡಿನ ಮೈಮೇಲೆಯೇ ಸೊಂಟ ಅಲುಗಿಸುತ್ತ ಕುಣಿಯುತ್ತದೆ. ಕುಣಿತದ ಓರೆಯಲ್ಲಿ ದಿಕ್ಕು, ಕಾಲಾವಧಿಯಲ್ಲಿ ದೂರ. ಜಾಗ ಒಳ್ಳೆಯದಿದ್ದಷ್ಟೂ ಮತ್ತೆಮತ್ತೆ ಕುಣಿಯುತ್ತದೆ. ಅಂದರೆ ವಾಗ್ಮಿ ಗೆಲ್ಲುತ್ತಾನೆ ಎಂದೆ. ಅಲ್ಲವಂತೆ. ಕುಣಿತ ಕಂಡ ಹುಳು ಅದನ್ನು ನಂಬಿ ಕುಣಿಯುವುದಿಲ್ಲ. ತಾನೇ ಹೋಗಿ, ಪೊಟರೆಯೊಳಗೆ ನಡೆದಾಡಿ, ತನಗೆ ಒಪ್ಪಿಗೆಯಾದರೆ ಮಾತ್ರ ಬಂದು ಕುಣಿಯುತ್ತದೆ. ನೋಡದೆ ಬಾಯಿಬಿಡುವ ಹುಳು ಇಡೀ ಹಿಂಡಿನಲ್ಲಿ ಒಂದಿಲ್ಲ.

ಇನ್ನೂ ವಿಚಿತ್ರವಾದದ್ದು ಇದು. ಅದೇ ಜಾಗಕ್ಕೆ ಹೋಗಿ ಮರಳಿದಾಗಲೆಲ್ಲ ಹುಳು ಹಿಂದಿನ ಸಲಕ್ಕಿಂತ ಸ್ವಲ್ಪ ಕಡಿಮೆ ಕುಣಿಯುತ್ತದೆ. ಕೊನೆಗೆ ಸುಮ್ಮನಾಗುತ್ತದೆ, ಜಾಗ ಎಷ್ಟೇ ಚೆನ್ನಾಗಿರಲಿ.

"ತನ್ನ ಪಕ್ಷವನ್ನು ತಾನೇ ಕೈಬಿಡುವವನು ವಾದಿಯೇ ಅಲ್ಲ" ಎಂದೆ.

"ಕೈಬಿಡಲ್ಲ ಮಾವ. ಹೇಳಾಯ್ತಲ್ಲ. ಜಾಗ ಚೆನ್ನಾಗಿದ್ರೆ ಹೋಗಿ ನೋಡ್ಕೊಂಡು ಬಂದೋರು ಮುಂದೆ ಹೇಳ್ತಾರೆ. ಇಲ್ಲಾಂದ್ರೆ ಆ ಹುಳದ ಜೊತೇಲೇ ಮುಗಿಯುತ್ತೆ. ಹಟಕ್ಕೆ ಬಿದ್ದು ಯಾರೂ ಉಳಿದೋರನ್ನ ಕೊಂಬೆ ಮೇಲೆ ಕೂರ್ಸಲ್ಲ." ಕುಂಚವನ್ನು ಬಣ್ಣಕ್ಕೆ ಅದ್ದುತ್ತ ಹೇಳಿದ: "ಅವಳು ತಮಾಷೆ ಮಾಡೋಳು. ನಮ್ಮಪ್ಪ ಜೇನಾಗಿದ್ರೆ ಹಿಂಡಿಗೆ ಹಿಂಡೇ ಭಾಷಣ ಕೇಳ್ತಾ ಕೊಂಬೇಲೇ ಸಾಯ್ತಿತ್ತು ಅಂತ."

ಉತ್ತರ ಕೊಡದೆ ಒಳಗೆ ಬಂದೆ. ಉತ್ತರ ಹೊಳೆಯಲಿಲ್ಲವೆಂದಲ್ಲ.

ಹೊಳೆಯಲಿಲ್ಲ.

ಏಪ್ರಿಲ್ ೧೦, ಗುರುವಾರ

ಕರಾರಿಗೆ ಮಧ್ಯಾಹ್ನದ ಸಮಯ ನಿಗದಿಯಾಗಿತ್ತು. ಬೆಳಿಗ್ಗೆ ಮರದ ಬಳಿ ಹಳದಿ ಚುಕ್ಕೆಯ ಹುಳುವೊಂದನ್ನು ಕಂಡೆ. ನಿನ್ನೆ ಅದರಷ್ಟು ಹುರುಪಿನಿಂದ ಕುಣಿದದ್ದು ಇನ್ನೊಂದಿರಲಿಲ್ಲ. ಕಾಲೇಜಿನ ನನ್ನನ್ನೇ ಕಂಡಂತಾಗಿತ್ತು. ಇಂದು ಒಂದೆರಡು ಸುತ್ತು ಕುಣಿದು ನಿಂತಿತು. ಅದು ಹೊಗಳಿದ ಜಾಗಕ್ಕೆ ಹೋಗಿ ಬಂದವರು ಯಾರೂ ಕುಣಿಯುತ್ತಿರಲಿಲ್ಲ.

ಏನನ್ನಿಸಿತೋ, ಬ್ಯಾಂಕ್ ಕಟ್ಟಡದ ಕೀಲಿ ತರಿಸಿಕೊಂಡು ಒಬ್ಬನೇ ಹೋದೆ. ಅದನ್ನು ಎಷ್ಟೋ ವರ್ಷಗಳಿಂದ ರಸ್ತೆಯಿಂದ ನೋಡಿದ್ದೇನೆ. ಒಳಗೆ ಕಾಲಿಟ್ಟದ್ದು ಇಂದೇ ಮೊದಲು. ಅಮೃತಶಿಲೆ ಹೊಳೆಯುತ್ತಿತ್ತು. ನಲ್ಲಿ ತಿರುಗಿಸಿದೆ. ಹೊಲಿಗೆಯ ದಾರದಷ್ಟು ನೀರು. ನಮ್ಮ ಒಬ್ಬ ರೋಗಿಯ ಒಂದು ಸರದಿಗೆ ದೊಡ್ಡ ಡ್ರಮ್ಮಿನ ತುಂಬ ಶುದ್ಧ ನೀರು ಬೇಕು. ಕೈತೊಳೆಯುವ ಗುಮಾಸ್ತರಿಗೆಂದು ಜೋಡಿಸಿದ ಕೊಳವೆ ಅದು. ನೆಲದಲ್ಲಿ ಎಲ್ಲಿಯೂ ನೀರು ಹೊರಹೋಗುವ ದಾರಿಯಿಲ್ಲ. ನಾನು ಹಾಡಿಹೊಗಳಿದ ಭದ್ರಕೋಣೆಗೆ ಗಾಳಿಯ ಕಿಂಡಿಯಿಲ್ಲ. ಅದರ ಬಾಗಿಲು ಮುಚ್ಚಿಕೊಂಡರೆ ತೆರೆಯುವ ಬಗೆ ಮಾಲೀಕರಿಗೂ ತಿಳಿಯದು.

ಟೆಕ್ನಿಷಿಯನ್ನನನ್ನು ಕರೆಸಿದೆ. ನಲ್ಲಿ ನೋಡಿ ಆತ ತಲೆಯಾಡಿಸಿದ. "ಈ ಧಾರೇಲಿ ಒಂದು ಮಷೀನ್ ಕೂಡ ಉಸಿರಾಡಲ್ಲ ಸಾರ್."

"ಸೋಮವಾರವೇ ಏಕೆ ಹೇಳಲಿಲ್ಲ?"

"ಸೋಮವಾರ ನಾನೂ ನೋಡಿರ್ಲಿಲ್ಲ. ನೋಡಿದ್ರೂ ಹೇಳೋಕೆ ನೀವು ಸಂದು ಎಲ್ಲಿ ಬಿಟ್ರಿ ಸಾರ್? ನಿಮ್ಮ ಮಾತು ಕೇಳ್ತಾ ಕೇಳ್ತಾ ನಾನೂ ಕೈ ಎತ್ಬಿಟ್ಟೆ."

ಕರಾರು ರದ್ದು. ನನ್ನ ವಾದವನ್ನು ಖಂಡಿಸಿ ಆಸ್ಪತ್ರೆ ನಡೆಸುವ ಟ್ರಸ್ಟಿಗೆ ನಾನೇ ಪತ್ರ ಬರೆದೆ. ಪತ್ರ ಸಮರ್ಥವಾಗಿತ್ತು. ಇಷ್ಟು ವರ್ಷಗಳ ಬಳಿಕ ಸರಿಸಮನಾದ ಎದುರಾಳಿಯೊಬ್ಬ ಸಿಕ್ಕ.

ಆದರೆ ಮೂರು ವಾರವೂ ಉಳಿದಿಲ್ಲ, ಜಾಗವಿಲ್ಲ.

ಏಪ್ರಿಲ್ ೧೧, ಶುಕ್ರವಾರ

ಹಿಂಡು ಹಾರಿತು.

ಬೆಳಗಿನಿಂದ ಕುಣಿತಗಳೆಲ್ಲ ಒಂದೇ ದಿಕ್ಕಿಗೆ ವಾಲುತ್ತಿದ್ದವು. ಎಲ್ಲರೂ ಒಪ್ಪಲೆಂದು ಅವು ಕಾಯುವುದಿಲ್ಲವಂತೆ. ಒಂದು ಜಾಗದಲ್ಲಿ ಸಾಕಷ್ಟು ಶೋಧಕರು ಒಟ್ಟಿಗೆ ನೆರೆದರೆ ಅಲ್ಲಿಗೆ ಇತ್ಯರ್ಥ. ಮರಳಿ ಬಂದು ಹಿಂಡಿನ ನಡುವೆ ನುಗ್ಗಿ, ರೆಕ್ಕೆ ಬಿಸಿಮಾಡಿಕೊಳ್ಳಿ ಎಂದು ಸೀಟಿಯಂಥ ಸದ್ದು ಹೊರಡಿಸುತ್ತವೆ. ನಾವು ನೋಡುತ್ತಿದ್ದಂತೆ ಕಂಬಳಿ ಕರಗಿ ಆಕಾಶವಾಯಿತು. ರೋಗಿಗಳು ಕಿಟಕಿಗಳಲ್ಲಿ ಮುಖವಿಟ್ಟು ನೋಡಿದರು. ದಾರಿ ಬಲ್ಲ ಕೆಲವೇ ಹುಳುಗಳು ಹಿಂಡಿನ ನಡುವೆ ಬಾಣದಂತೆ ಹಾಯ್ದು ದಿಕ್ಕು ತೋರುತ್ತಿದ್ದವು; ಉಳಿದವು ಪಕ್ಕದವರನ್ನು ನೋಡಿಕೊಂಡು ಹೊರಟವು. ಪಾಳುಬಿದ್ದ ನೀರಿನ ತೊಟ್ಟಿಯ ಗೋಡೆಯೊಳಕ್ಕೆ ಸೇರಿಕೊಂಡವು ಎಂದು ಹಿಂದೆಯೇ ಓಡಿಹೋಗಿದ್ದ ಅಳಿಯ ಬಂದು ಹೇಳಿದ.

"ಹಳದಿಯವಳು?" ಎಂದೆ.

"ಹೋದ್ಲು ಮಾವ. ಮುಂದಿನ ಸಾಲಲ್ಲೇ ಇದ್ಲು."

ಸೋತ ಪಕ್ಷದವಳು. ಗೆದ್ದವರ ಮನೆಗೆ ಗೆದ್ದವರಷ್ಟೇ ಜೋರಾಗಿ ಹಾರಿದಳು.

ಮಧ್ಯಾಹ್ನ ಮನೆಗೆ ಬಂದು ಕಪಾಟಿನ ಗಂಟೆಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡೆ. "ಅದನ್ನ ಮುಟ್ಬೇಡಿ ಅಂದೋರು ಯಾರೋ ಈ ಮನೇಲಿ ಇದ್ರಪ್ಪ, ಎಲ್ಲಿ ಹೋದ್ರು?" ಎಂದಳು ಇವಳು. ಕೆಲಸಕ್ಕೆ ಬೇಕಿತ್ತು, ಅಷ್ಟೇ.

ಸಂಜೆಯ ಸಭೆಗೆ ಹೊಸ ನಿಯಮ ಹಾಕಿದೆ. ಕಣ್ಣಾರೆ ನೋಡದ ಜಾಗದ ಬಗ್ಗೆ ಯಾರೂ ಮಾತಾಡಕೂಡದು, ಪರವಾಗಲಿ ವಿರೋಧವಾಗಲಿ. ಒಬ್ಬರು ಒಂದು ಜಾಗದ ಪರ ಮೊದಲ ಸಲ ಎಷ್ಟು ಹೊತ್ತು ಮಾತಾಡುತ್ತಾರೋ ಎರಡನೆಯ ಸಲ ಅದರ ಅರ್ಧ, ಆಮೇಲೆ ಮೌನ. ಗಂಟೆಯನ್ನು ಉಪ್ಪು ಕಮ್ಮಿಯ ಕೈಗೆ ಕೊಟ್ಟೆ. ನಿಯಮದ ತಾತ್ವಿಕ ಹಿನ್ನೆಲೆಯನ್ನು ನಾನಿನ್ನೂ ವಿವರಿಸುತ್ತಿದ್ದೆ.

ಟಿಣ್.

ಎಲ್ಲರ ತಲೆಗಳೂ ಉಪ್ಪು ಕಮ್ಮಿಯತ್ತ ತಿರುಗಿದವು. ಆಕೆಯ ಮುಖ ಬಿಳುಚಿತ್ತು. "ಸಾರ್... ಟೈಮ್ ಮುಗೀತು..."

ಕೂತೆ. ಲೋಟದ ನೀರನ್ನೆಲ್ಲ ಕುಡಿದೆ.

ಏಪ್ರಿಲ್ ೧೪, ಸೋಮವಾರ

ಎರಡು ದಿನ ಎಲ್ಲರೂ ಊರು ಅಲೆದಿದ್ದಾರೆ. ಸಿನಿಮಾ ಮಂದಿರವನ್ನು ನೋಡಿಬಂದ ಡಾಕ್ಟರು ತಾವೇ, "ಅಲ್ಲಿ ಬಾವಲಿಗಳು ಹೌಸ್‌ಫುಲ್ ರೀ" ಎಂದು ಕೈಬಿಟ್ಟರು.

ಐಸ್ ಫ್ಯಾಕ್ಟರಿಗೆ ಹೋದವರೆಲ್ಲ ಮರಳಿ ಬಂದು ಕುಣಿದರು. ಬೇರೆ ಪದ ಸಿಗುತ್ತಿಲ್ಲ. ಬಾಗಿಲು ದೊಡ್ಡದೆಂಬುದಷ್ಟೇ ಉಪ್ಪು ಕಮ್ಮಿಗೆ ಗೊತ್ತಿತ್ತು. ರಾಕೆಟ್ ಹೋಗಿ ಬಂದು ಆ ಬಾಗಿಲ ಮುಂದೆ ಮಂಜುಗಡ್ಡೆ ಜಾರಿಸಲು ಕಟ್ಟಿದ ಇಳಿಜಾರಿದೆ, ಗಾಲಿಕುರ್ಚಿ ಎತ್ತುವ ಗೋಜಿಲ್ಲ, ಆಂಬ್ಯುಲೆನ್ಸ್ ಒಂದೇ ಸಲಕ್ಕೆ ತಿರುಗುತ್ತದೆ ಎಂದ. ಟೆಕ್ನಿಷಿಯನ್ ಹೋಗಿ ಬಂದು, ಎರಡು ದೊಡ್ಡ ತೊಟ್ಟಿ, ಬತ್ತದ ಬಾವಿ, ಭಾರೀ ಯಂತ್ರಗಳಿಗೆ ಎಳೆದ ವಿದ್ಯುತ್ತು, ಉದ್ದಕ್ಕೂ ನೀರು ಹರಿಯುವ ಕಾಲುವೆಯಿರುವ ನೆಲ ಎಂದು ಹೇಳುತ್ತ ಹೇಳುತ್ತ ನಿಂತಲ್ಲೇ ಕೈಬೀಸಿದ. ಡಾಕ್ಟರು ಹೋಗಿ ಬಂದು ಬಿಸಿಲಿಗೂ ತಂಪಾಗಿರುವ ದಪ್ಪಗೋಡೆಗಳನ್ನು ಹೊಗಳಿದರು. ನಾನೂ ಹೋದೆ. ಕೊಳಾಯಿ ತಿರುಗಿಸಿದೆ. ನೀರು ನನ್ನ ಅಂಗಿಯನ್ನು ಎದೆಮಟ್ಟ ತೋಯಿಸಿತು. ಅಂಥ ಖಂಡನೆಯನ್ನು ಯಾವ ಎದುರಾಳಿಯೂ ನನಗೆ ಮಾಡಿರಲಿಲ್ಲ.

ಸಿಸ್ಟರ್ ಮಾತ್ರ ಕೈ ಅಡ್ಡ ಹಿಡಿದರು. "ಸ್ವಲ್ಪ ನಿಲ್ಲಿ. ಹಿಂದಿನ ಕೋಣೇಲಿ ಮೂಗಿಗೆ ಚುರ್ ಅನ್ನೋ ವಾಸನೆ ಇದೆ. ಐಸ್ ಮಾಡೋಕೆ ಅಮೋನಿಯಾ ಬಳಸ್ತಿದ್ರಂತೆ. ಅದು ಹೋಗೋವರೆಗೂ ನನ್ನ ಪೇಷಂಟ್ಸ್ ಹೊಸಿಲು ದಾಟಲ್ಲ. ಯಾರು ಏನಾದ್ರೂ ಹೇಳಿ."

ಹಿಂದಿನ ವಾರವಾಗಿದ್ದರೆ ಆಕೆಯ ವಾಸನೆಗೆ ಪುರಾವೆ ಕೇಳಿ ನೀರಿಳಿಸುತ್ತಿದ್ದೆ. ಜೇನಿನಲ್ಲೂ ಹೀಗೆ ತಲೆಯಿಂದ ಗುದ್ದಿ ಕುಣಿತ ನಿಲ್ಲಿಸುವವರಿರುತ್ತಾರೆ ಎಂದು ಅಳಿಯ ಹೇಳಿದ್ದ. ನಿಲ್ಲಿಸಿದೆವು. ಆಕೆಯೊಡನೆ ಹೋಗಿ ಮೂಗು ಹಾಕಿದೆ. ಕಣ್ಣಲ್ಲಿ ನೀರು ಬಂತು. ಸುರಕ್ಷತಾ ಪರಿವೀಕ್ಷಕರನ್ನು ಕರೆಸುವುದು, ಹಳೆಯ ಕೊಳವೆ ಕೀಳಿಸುವುದು, ಅವರು ಲಿಖಿತವಾಗಿ ಸರಿಯೆಂದ ಮೇಲೆಯೇ ಮುಂದಿನ ಹೆಜ್ಜೆ ಎಂದಾಯಿತು.

ಕೈಯೆತ್ತಿಸಲಿಲ್ಲ. ಎಲ್ಲರ ಕಾಲುಗಳೂ ಆಗಲೇ ಅಲ್ಲಿಗೆ ಹೋಗಿಬಂದಿದ್ದವು.

ಏಪ್ರಿಲ್ ೧೯, ಶನಿವಾರ

ವಾಸನೆ ಹೋಗಿದೆ, ಪರಿವೀಕ್ಷಕರ ಪತ್ರ ಬಂದಿದೆ. ಗೋಡೆಗೆ ಸುಣ್ಣ. ಹೊಸ ಶುದ್ಧೀಕರಣ ಘಟಕ ಜೋಡಣೆಯಾಗುತ್ತಿದೆ. ಬರೆಯಲು ಪುರುಸೊತ್ತಿಲ್ಲ.

ಏಪ್ರಿಲ್ ೨೪, ಗುರುವಾರ

ನೀರಿನ ಪರೀಕ್ಷೆ ಪಾಸು! ಟೆಕ್ನಿಷಿಯನ್ ನನ್ನನ್ನು ಅಪ್ಪಿಕೊಂಡ. ತಡೆಯುವಷ್ಟರಲ್ಲಿ ಮುಗಿದಿತ್ತು.

ಇವಳು ಗುನುಗುವ ಹಾಡಿನ ಎರಡನೆಯ ಸಾಲು ಬೆಳಗಿನಿಂದ ನೆನಪಾಗದೆ ಕಾಡುತ್ತಿತ್ತು. ಕೇಳಿದೆ. ಹಾಡಿದಳು. ಮಗಳಿಗೆ ತಲೆ ಬಾಚುವಾಗ ಹಾಡುತ್ತಿದ್ದದ್ದು ಅದೇ.

ಏಪ್ರಿಲ್ ೨೬, ಶನಿವಾರ

ಇಂದು ಸಂಜೆಯ ಸರದಿ ಮುಗಿದರೆ ಸೋಮವಾರ ಬೆಳಿಗ್ಗೆಯವರೆಗೆ ಯಂತ್ರಗಳು ಖಾಲಿ. ಆ ನಡುವೆ ಎಲ್ಲವೂ ಹೊಸ ಜಾಗ ಸೇರಿ ಕೆಲಸ ಶುರುವಾಗಬೇಕು. ಯಾರು, ಯಾವಾಗ, ಎಲ್ಲಿ ಎಂಬ ಆಜ್ಞೆಗಳನ್ನು ಹಾಳೆಗಟ್ಟಲೆ ಬರೆದು ಊಟದ ಮೇಜಿನ ಮೇಲೆ ಹರಡಿಕೊಂಡಿದ್ದೆ.

"ಜೇನಲ್ಲಿ ಈ ಹಾಳೆ ಯಾರು ಬರೀತಾರಪ್ಪ?" ಎಂದು ಇವಳು, ನಾಳೆಯ ಸಾಗಣೆಗೆ ನೆರವಾಗಲೆಂದು ಬಂದಿದ್ದ ಅಳಿಯನನ್ನು ಕೇಳಿದಳು.

"ಯಾರೂ ಇಲ್ಲ ಅತ್ತೆ. ಪಕ್ಕದೋಳು ಏನ್ಮಾಡ್ತಿದಾಳೆ ಅಂತ ನೋಡಿ, ಮಿಕ್ಕಿದ್ದನ್ನ ಇವಳು ಮಾಡ್ತಾಳೆ."

"ರಾಣಿ?"

"ಜೊತೇಲಿ ಹೋಗ್ತಾಳೆ."

"ಹಾಗಾದ್ರೆ ರೀ, ನೀವು ನಾಳೆ ರಾಣಿ" ಎಂದಳು. ಇಬ್ಬರೂ ಬಿದ್ದುಬಿದ್ದು ನಕ್ಕರು. ಹಾಳೆಗಳನ್ನು ಮಡಿಸಿ ಕಿಸೆಗಿಟ್ಟೆ. ನಗು ತಡೆಯುವುದು ಕಷ್ಟವಾಯಿತು.

ಏಪ್ರಿಲ್ ೨೭, ಭಾನುವಾರ

ಇದನ್ನು ಉದ್ದವಾಗಿಯೇ ಬರೆಯುತ್ತೇನೆ. ಇಲ್ಲಿ ಗಂಟೆ ಬಾರಿಸುವವರಿಲ್ಲ.

ಬೆಳಿಗ್ಗೆ ನಾಲ್ಕು ಯಂತ್ರಗಳ ಮೊದಲ ಲಾರಿ ಹೋಯಿತು, ಜೊತೆಗೆ ಟೆಕ್ನಿಷಿಯನ್. ಮಧ್ಯಾಹ್ನದ ಮೇಲೆ ಉಳಿದ ನಾಲ್ಕರ ಜೊತೆ ಎರಡನೆಯ ಲಾರಿಯಲ್ಲಿ ನಾನು. ಯಂತ್ರಗಳು ಕುಲುಕದಿರಲೆಂದು ಲಾರಿಗೂ ರಾಕೆಟ್ಟನ್ನೇ ಚಾಲಕನನ್ನಾಗಿ ಮಾಡಿದ್ದೆವು. ರೈಲ್ವೆ ಗೇಟಿನಲ್ಲಿ ಸಿಕ್ಕಿಬಿದ್ದೆವು. ಗೂಡ್ಸ್ ಗಾಡಿಯೊಂದು ದಾರಿಗಡ್ಡ ಕೆಟ್ಟು ನಿಂತಿತ್ತು. ಹಿಂದೆ ವಾಹನಗಳ ಸಾಲು, ತಿರುಗಿಸಲು ಜಾಗವಿಲ್ಲ. ಫೋನು ಬಂತು. ಸಿಸ್ಟರ್: "ಸಾರ್, ನಮ್ಮ ದರ್ಜಿ ತಾತನಿಗೆ ಮನೇಲಿ ಉಸಿರು ಸಿಗ್ತಿಲ್ವಂತೆ. ಸೆಕೆ ಅಂತ ನಿನ್ನೆಯಿಂದ ಚೊಂಬುಗಟ್ಲೆ ನೀರು ಕುಡಿದಿದ್ದಾರೆ. ಈಗ್ಲೇ ಮಷೀನಿಗೆ ಹಾಕ್ಬೇಕು..." ಅಷ್ಟಕ್ಕೆ ನನ್ನ ಫೋನಿನ ಬ್ಯಾಟರಿ ಸತ್ತಿತು. ರಾಕೆಟ್ಟಿನ ಫೋನು ಮೊದಲ ಲಾರಿಯಲ್ಲಿ ಬಿಟ್ಟುಹೋಗಿತ್ತು.

ಹಳೆಯ ಕಟ್ಟಡದಲ್ಲಿ ಒಂದು ಯಂತ್ರವೂ ಉಳಿದಿಲ್ಲ. ಹೊಸದರಲ್ಲಿ, ನನ್ನ ಹಾಳೆಗಳ ಪ್ರಕಾರ, ಎಂಟೂ ಬರುವವರೆಗೆ ಯಾವುದನ್ನೂ ಚಾಲೂ ಮಾಡುವಂತಿಲ್ಲ. ಹಾಳೆಗಳು ನನ್ನ ಕಿಸೆಯಲ್ಲಿದ್ದವು. ಲಾರಿಯಿಂದಿಳಿದು ಹಳಿಯ ಪಕ್ಕ ನಿಂತೆ. ಹೇಳಲು ನೂರು ಮಾತಿದ್ದವು, ಕೇಳಲು ಒಂದು ಕಿವಿಯಿರಲಿಲ್ಲ. ಆ ಜ್ವರದ ವಾರವೂ ಹೀಗೆಯೇ ಇತ್ತು.

"ಸಾರ್, ಒಳಗೆ ಬಂದು ಕೂತ್ಕೊಳ್ಳಿ" ಎಂದ ರಾಕೆಟ್. "ಅಲ್ಲಿರೋರು ಅಲ್ಲಿ ನೋಡ್ಕೋತಾರೆ. ನಾವು ಈ ನಾಲ್ಕನ್ನ ನೋಡ್ಕೊಳ್ಳೋಣ."

ಕೂತೆ.

ಗೇಟು ತೆರೆದು ನಾವು ಐಸ್ ಫ್ಯಾಕ್ಟರಿ ಮುಟ್ಟಿದಾಗ ಬಿಸಿಲು ಇಳಿದಿತ್ತು. ಒಳಗೆ ಓಡಿದೆ. ಬಾಗಿಲಿನ ಪಕ್ಕದ ಹಾಸಿಗೆಯಲ್ಲಿ ದರ್ಜಿ. ಪಕ್ಕದಲ್ಲಿ ಯಂತ್ರ ತಿರುಗುತ್ತಿದೆ. ಕೊಳವೆಯಲ್ಲಿ ಕೆಂಪಾಗಿ, ಸಲೀಸಾಗಿ ರಕ್ತ ಹರಿಯುತ್ತಿದೆ. ಡಾಕ್ಟರು ನಾಡಿ ಹಿಡಿದಿದ್ದಾರೆ. ಮುದುಕ ಕಣ್ಣು ತೆರೆದು ನನ್ನನ್ನು ನೋಡಿ, "ಸಾರ್, ಅಳತೆ ಸರಿಯಾಗಿದೆ. ತೋಳು ಮಾತ್ರ ಸ್ವಲ್ಪ ಬಿಗಿ" ಎಂದ.

ನಡೆದದ್ದು ಇಷ್ಟು. ನನ್ನ ಫೋನು ಸತ್ತೊಡನೆ ಸಿಸ್ಟರ್ ಡಾಕ್ಟರಿಗೆ ಹೇಳಿದ್ದಾರೆ. ಸಾಲಿನ ಕೊನೆಯಲ್ಲಿ ಜೋಡಿಸಬೇಕಿದ್ದ ಯಂತ್ರವನ್ನು ಟೆಕ್ನಿಷಿಯನ್ ಬಾಗಿಲ ಪಕ್ಕಕ್ಕೆಳೆದು ತಾನೇ ಮೊದಲು ಸಜ್ಜುಮಾಡಿದ್ದಾನೆ. ನೀರನ್ನು ಮತ್ತೊಮ್ಮೆ ಪರೀಕ್ಷಿಸಿ ಡಾಕ್ಟರು ಹೂಂ ಎಂದಿದ್ದಾರೆ. ಗೇಟಿನಾಚೆ, ಫ್ಯಾಕ್ಟರಿಯ ಕಡೆಗೇ ಇರುವ ಮನೆಯಿಂದ ರೋಗಿಯನ್ನು ತರಲು ಚಾಲಕನಿಲ್ಲವೆಂದು ಉಪ್ಪು ಕಮ್ಮಿಯೇ ಆಂಬ್ಯುಲೆನ್ಸ್ ಓಡಿಸಿದ್ದಾರೆ. ಆಕೆಗೆ ಓಡಿಸಲು ಬರುತ್ತದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಕೇಳಿದವರಿರಲಿಲ್ಲ. ಔಷಧದ ಪೆಟ್ಟಿಗೆಗಳನ್ನು ಹೊತ್ತದ್ದು ಅಳಿಯ. ಯಾರೂ ಯಾರ ಅಪ್ಪಣೆಗೂ ಕಾದಿಲ್ಲ. ಯಾರೂ ಯಾರ ಕೆಲಸವನ್ನೂ ಎರಡು ಸಲ ಮಾಡಿಲ್ಲ.

"ನನ್ನನ್ನು ಕಾಯಲಿಲ್ಲವೇ?" ಎಂಬ ಮಾತು ಬಾಯಿಂದ ಬಂದುಬಿಟ್ಟಿತು.

"ನಿಮ್ಮನ್ನ ಕಾಯ್ತಾ ಕೂತಿದ್ರೆ ತಾತ ಕಾಯ್ತಿದ್ರಾ ಸಾರ್?" ಎಂದರು ಸಿಸ್ಟರ್, ಕೊಳವೆಯಿಂದ ಕಣ್ಣು ತೆಗೆಯದೆ. "ಆ ನಾಲ್ಕು ಮಷೀನ್ ಇಳಿಸಿ. ಬೆಳಿಗ್ಗೆಗೆ ಬೇಕು."

ಇಳಿಸಿದೆವು. ನಾನೂ ಒಂದು ಬದಿ ಹಿಡಿದೆ. ಕಿಸೆಯ ಹಾಳೆಗಳನ್ನು ಮಡಿಸಿ ಅಲುಗುವ ಯಂತ್ರದ ಕಾಲಡಿಗೆ ಒತ್ತಾಗಿ ಕೊಟ್ಟೆ. ಸರಿಯಾಗಿ ಕೂತವು.

ಏಪ್ರಿಲ್ ೨೮, ಸೋಮವಾರ

ಎಂಟೂ ತಿರುಗುತ್ತಿವೆ. ಒಬ್ಬರ ಸರದಿಯೂ ತಪ್ಪಲಿಲ್ಲ. ಒಬ್ಬರದೂ!

ಏಪ್ರಿಲ್ ೩೦, ಬುಧವಾರ

ಹಳೆಯ ಕಟ್ಟಡಕ್ಕೆ ನಗರಸಭೆ ಬೀಗ ಹಾಕಿತು. ಖಾಲಿ ಕಟ್ಟಡಕ್ಕೆ ಬೀಗ ಹಾಕುವುದು ಎಷ್ಟು ಸಪ್ಪೆಯ ಕೆಲಸವೆಂದು ಅವರ ಮುಖ ನೋಡಿ ತಿಳಿಯಿತು.

ಹೊಸ ಘಟಕದಲ್ಲಿ ಸಣ್ಣ ಸಭೆ. ಟ್ರಸ್ಟಿನ ಅಧ್ಯಕ್ಷರು ನನ್ನ ನಾಯಕತ್ವವನ್ನು ಕೊಂಡಾಡಿ ಮಾತಾಡಲು ಕರೆದರು. ಎದ್ದು ನಿಂತೆ. ಸಿಸ್ಟರ್ ಗಡಿಯಾರ ನೋಡಿಕೊಂಡರು. ಡಾಕ್ಟರು ಕುರ್ಚಿಯಲ್ಲಿ ಒರಗಿದರು. "ಇವರೆಲ್ಲ ಹೋಗಿ ನೋಡಿದರು. ನಾನು ಜೊತೆಯಲ್ಲಿ ಬಂದೆ" ಎಂದು ಹೇಳಿ ಕೂತೆ. ಚಪ್ಪಾಳೆ ಶುರುವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಭಾಷಣ ಮುಗಿಯಿತೆಂದು ಯಾರೂ ನಂಬಿರಲಿಲ್ಲ.

ಗಂಟೆಯನ್ನು ಸೋಮವಾರವೇ ಅಲ್ಲಿ ಬಿಟ್ಟುಬಂದಿದ್ದೆ. ಈಗ ಅದು ದರ್ಜಿಯ ಕೈಗೆಟಕುವಂತೆ ಕಿಟಕಿಯ ಮೇಲಿದೆ. ರೋಗಿಗಳು ಸಿಸ್ಟರನ್ನು ಕರೆಯಲು ಬಳಸುತ್ತಾರೆ. ದಿನಕ್ಕೆ ಹತ್ತಾರು ಕೈಗಳು ಮುಟ್ಟುತ್ತವೆ. ಮಿರಿಮಿರಿ ಹೊಳೆಯುತ್ತಿದೆ.

ಅಳಿಯನನ್ನು ಊಟಕ್ಕೆ ಕರೆದೆ. ಭಾನುವಾರವಲ್ಲವಲ್ಲ ಎಂದು ಗಲಿಬಿಲಿಗೊಂಡ, ಆದರೂ ಬಂದ. ನಮ್ಮ ಹಿತ್ತಲಿಗೂ ಒಂದು ಜೇನುಪೆಟ್ಟಿಗೆ ತಂದಿಡಬಹುದೇ ಎಂದು ಕೇಳಿದೆ. ಎಲ್ಲಿಡಬೇಕೆಂಬುದನ್ನು ಬೆಳಕು, ಗಾಳಿ, ನೆರಳು, ನೆರೆಹೊರೆಯವರ ಹಕ್ಕು, ಬಟ್ಟೆ ಒಣಗಿಸುವ ಹಗ್ಗದ ಸ್ಥಾನ ಇವುಗಳೆಲ್ಲವನ್ನೂ ಪರಿಗಣಿಸಿ, ಪೂರ್ವಪಕ್ಷ ಉತ್ತರಪಕ್ಷಗಳೊಂದಿಗೆ ನಾನು ಮಂಡಿಸುತ್ತಿದ್ದೆ. ಮೊದಲನೆಯ ಅಂಶ ಮುಗಿದು ಎರಡನೆಯದರ ಪೀಠಿಕೆಯಲ್ಲಿದ್ದೆ.

ಟಿಣ್.

ಇವಳು ಚಮಚದಿಂದ ಸ್ಟೀಲ್ ಲೋಟಕ್ಕೆ ಹೊಡೆದಿದ್ದಳು. ಅಳಿಯ ನನ್ನ ಮುಖ ನೋಡಿದ. ಇವಳೂ ನೋಡಿದಳು, ಚಮಚ ಇನ್ನೂ ಗಾಳಿಯಲ್ಲಿತ್ತು.

"ಟೈಮ್ ಮುಗೀತು" ಎಂದೆ ನಾನೇ. "ಬಾರಪ್ಪ, ಹಿತ್ತಲಿಗೆ ಹೋಗಿ ನೋಡೋಣ."